ತಿಂಗಳ ಲೆಕ್ಕದಲ್ಲಿ ಮರ ನೆಟ್ಟ ತೋಟಗಾರ: ಜಿ. ಎಚ್. ಕೃಂಬಿಗಲ್

ಬೆಂಗಳೂರಿನ ರಾಜಾಜಿನಗರದಲ್ಲಿ ಮಗನ ಮನೆಗೋ ಮಗಳ ಮನೆಗೋ ಬಂದು ನಾಲ್ಕು ದಿನ ಇದ್ದು ಹೋಗುವ ರೈತ ಬಾಂಧವರು ಒಂದು ಸಂಗತಿಯನ್ನು ಗಮನಿಸಿರಬಹುದು. ಶಿವರಾತ್ರಿಯ ಆಸುಪಾಸಿನಲ್ಲಿ ಬಂದರೆ ಎಲೆ ಉದುರಿಸಿಕೊಂಡ ಟಬೂಬಿಯಾ ಮರಗಳ ತುಂಬ ಹಳದಿ ಹೂ, ಗುಲಾಬಿ ಬಣ್ಣದ ಹೂ. ಯುಗಾದಿಗೆ ಬಂದರೆ ಅದು ಮುಗಿಯುತ್ತ ಬಂದು ಜಕರಂದದ ನೇರಳೆ. ಬಸವ ಜಯಂತಿಯ ಹೊತ್ತಿಗೆ ಗುಲ್‌ಮೊಹರ್ ಕೆಂಪಗೆ ಉರಿಯುತ್ತಿರುತ್ತದೆ, ಕಕ್ಕೆಯ ಹಳದಿ ಗೊಂಚಲುಗಳು ಜೋತಾಡುತ್ತಿರುತ್ತವೆ. ದೀಪಾವಳಿ ಮುಗಿಸಿಕೊಂಡು ಬಂದವರಿಗೆ ಬೆಳಗಿನ ಜಾವ ಆಕಾಶಮಲ್ಲಿಗೆಯ ಬಿಳಿ ಹೂ ನೆಲಕ್ಕೆ ಹಾಸಿದಂತೆ ಬಿದ್ದಿರುವುದು ಕಾಣುತ್ತದೆ. ಒಂದು ಮರದ ಪಾಳಿ ಮುಗಿಯುವಷ್ಟರಲ್ಲಿ ಇನ್ನೊಂದರ ಪಾಳಿ.

ಇದು ತಾನಾಗಿ ಆದದ್ದಲ್ಲ. ಯಾವ ಮರ ಯಾವ ತಿಂಗಳಲ್ಲಿ ಹೂ ಬಿಡುತ್ತದೆ, ಯಾವಾಗ ಎಲೆ ಉದುರಿಸುತ್ತದೆ, ಎಷ್ಟು ಎತ್ತರ ಹೋಗುತ್ತದೆ, ಎಷ್ಟು ಅಗಲ ಹರಡುತ್ತದೆ ಎಂದು ಮೊದಲೇ ಲೆಕ್ಕ ಹಾಕಿ, ಆಮೇಲೆ ಗುಣಿ ತೆಗೆಯುವ ಪದ್ಧತಿಯನ್ನು ಈ ಊರಿನಲ್ಲಿ ಬೇರೂರಿಸಿದವರು ಒಬ್ಬ ಜರ್ಮನ್ ತೋಟಗಾರರು. ಅವರ ಹೆಸರು ಗುಸ್ತಾವ್ ಹರ್ಮನ್ ಕೃಂಬಿಗಲ್. ಲಾಲ್‌ಬಾಗಿನ ಪಕ್ಕದ ಒಂದು ರಸ್ತೆಗೆ ಅವರ ಹೆಸರಿದೆ. ಆ ರಸ್ತೆಯಲ್ಲಿ ದಿನವೂ ಓಡಾಡುವವರಲ್ಲೇ ಅನೇಕರಿಗೆ ಅವರು ಯಾರೆಂಬುದು ಗೊತ್ತಿಲ್ಲ. ಮನೆ ಮುಂದೆ ಒಂದು ಗಿಡ ನೆಡಬೇಕೆನ್ನುವವರಿಗೆ, ಹೊಲದ ಬದುವಿನಲ್ಲಿ ನಾಲ್ಕು ಮರ ಬೆಳೆಸಬೇಕೆನ್ನುವವರಿಗೆ ಅವರ ಬದುಕಿನಿಂದ ತಿಳಿಯುವುದು ಬಹಳ ಇದೆ. ಹೂವಿನ ತೋಟವೆಂದರೆ ಹಣವಂತರ ಷೋಕಿ ಎಂದು ತಿಳಿದವರೂ ಓದಬೇಕಾದ ಬದುಕು ಅದು.

ಸ್ಯಾಕ್ಸನಿಯಿಂದ ಬರೋಡಾಕ್ಕೆ

ಕೃಂಬಿಗಲ್ ಹುಟ್ಟಿದ್ದು 1865ರ ಡಿಸೆಂಬರ್ 18ರಂದು, ಜರ್ಮನಿಯ ಸ್ಯಾಕ್ಸನಿ ಪ್ರಾಂತದ ಡ್ರೆಸ್ಡೆನ್ ನಗರಕ್ಕೆ ಸಮೀಪದ ಲೋಮನ್ ಎಂಬ ಊರಿನಲ್ಲಿ. ಓದು ಮುಗಿಸಿ ಪಿಲ್‌ನಿಟ್ಸ್ ಎಂಬಲ್ಲಿ ತೋಟಗಾರಿಕೆ ಕಲಿತರು. ಅಲ್ಲಿ ಅರಮನೆಯೂ ಇತ್ತು, ಅರಮನೆಗೆ ತಕ್ಕ ತೋಟವೂ ಇತ್ತು. ಆ ಕಾಲದ ಯೂರೋಪಿನಲ್ಲಿ ತೋಟಗಾರಿಕೆ ಕಲಿಯುವುದೆಂದರೆ ಪುಸ್ತಕಕ್ಕಿಂತ ಹೆಚ್ಚಾಗಿ ಕೈಕೆಲಸ. ಮಡಿ ಅಗೆಯುವುದು, ಕುಂಡ ತೊಳೆಯುವುದು, ಗೊಬ್ಬರ ಹೊರುವುದು, ಬೀಜ ಜರಡಿ ಹಿಡಿಯುವುದು ಎಲ್ಲವನ್ನೂ ದಾಟಿಯೇ ವಿನ್ಯಾಸದ ಕೆಲಸಕ್ಕೆ ಬರಬೇಕು. ಮುಂದೆ ಶ್ವೆರಿನ್, ಹ್ಯಾಂಬರ್ಗ್ ಎಂದು ಊರೂರು ಸುತ್ತಿ 1888ರಲ್ಲಿ ಇಂಗ್ಲೆಂಡಿಗೆ ಹೋದರು. ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಹೂಮಡಿಗಳನ್ನು ರೂಪಿಸಿದರು. ಆಮೇಲೆ ಕ್ಯೂ ಸಸ್ಯೋದ್ಯಾನ ಸೇರಿದರು. ಲೋಕದ ಮೂಲೆಮೂಲೆಯ ಗಿಡಗಳು ಬಂದು ಸೇರುತ್ತಿದ್ದ, ಅಲ್ಲಿಂದ ಮತ್ತೆ ಬೇರೆ ಬೇರೆ ದೇಶಗಳಿಗೆ ಹೋಗುತ್ತಿದ್ದ ಜಾಗ ಅದು. ಗಿಡಗಳ ಊರು, ಮಣ್ಣು, ಹವೆ ಇವುಗಳ ಪರಿಚಯ ಅವರಿಗೆ ಅಲ್ಲಿ ಚೆನ್ನಾಗಿ ಆಯಿತು.

1893ರಲ್ಲಿ ಬರೋಡಾ ಸಂಸ್ಥಾನದ ಮಹಾರಾಜ ಮೂರನೆಯ ಸಯಾಜಿರಾವ್ ಗಾಯಕವಾಡರ ಸೇವೆಗೆ ಸೇರಿ ಭಾರತಕ್ಕೆ ಬಂದರು. ಆಗ ಅವರಿಗೆ ಇಪ್ಪತ್ತೇಳು ವರ್ಷ. ಬರೋಡಾದ ಉದ್ಯಾನಗಳ ಜತೆಗೆ ಊಟಿಯಲ್ಲಿದ್ದ ಗಾಯಕವಾಡರ ಬೇಸಿಗೆ ನಿವಾಸದ ತೋಟದ ಕೆಲಸವನ್ನೂ ನೋಡಿಕೊಂಡರು. ಬರೋಡಾದ ಬಿಸಿಲೆಲ್ಲಿ, ಊಟಿಯ ಮಂಜೆಲ್ಲಿ! ಒಂದೇ ಗಿಡ ಎರಡು ಕಡೆ ಎರಡು ರೀತಿ ಬೆಳೆಯುವುದನ್ನು ಅವರು ಹದಿನಾಲ್ಕು ವರ್ಷ ಕಣ್ಣಾರೆ ಕಂಡರು. ಚಳಿ ದೇಶದಲ್ಲಿ ಕಲಿತ ವಿದ್ಯೆಯನ್ನು ನಮ್ಮ ನೆಲಕ್ಕೆ ಒಗ್ಗಿಸಿಕೊಂಡದ್ದು ಈ ಅವಧಿಯಲ್ಲೇ ಎನ್ನಬೇಕು.

ಅವರ ಕೆಲಸದ ಹೆಸರು ಮೈಸೂರಿಗೆ ಮುಟ್ಟಿತು. ನಾಲ್ವಡಿ ಕೃಷ್ಣರಾಜ ಒಡೆಯರು ಅವರನ್ನು ಕರೆಸಿಕೊಂಡರು. 1908ರಲ್ಲಿ ಲಾಲ್‌ಬಾಗಿನ ಆಡಳಿತ ಅವರ ಕೈಗೆ ಬಂತು.

ಲಾಲ್‌ಬಾಗಿನ ಇಪ್ಪತ್ತನಾಲ್ಕು ವರ್ಷ

ಹೈದರ್ ಅಲಿ 1760ರಲ್ಲಿ ಹಾಕಿಸಿದ ಲಾಲ್‌ಬಾಗ್ ಕೃಂಬಿಗಲ್ ಬರುವ ವೇಳೆಗಾಗಲೇ ದೊಡ್ಡ ಹೆಸರು ಪಡೆದ ಸಸ್ಯತೋಟ. ಅವರಿಗಿಂತ ಮೊದಲು 1874ರಿಂದ ಅಲ್ಲಿದ್ದ ಜಾನ್ ಕ್ಯಾಮರಾನ್ ಗಾಜಿನ ಮನೆ ಕಟ್ಟಿಸಿದ್ದರು, ಹೊರದೇಶದ ಹತ್ತಾರು ಗಿಡಗಳನ್ನು ತರಿಸಿ ಒಗ್ಗಿಸಿದ್ದರು. ನಾವು ಇಂದು ಸಾರಿಗೂ ಪಲ್ಯಕ್ಕೂ ಹಾಕುವ ಸೀಮೆಬದನೆ ಬೆಂಗಳೂರಿಗೆ ಬಂದದ್ದು ಕ್ಯಾಮರಾನ್ ಕಾಲದಲ್ಲಿ. ಇಂಥ ಒಬ್ಬರ ಜಾಗಕ್ಕೆ ಬಂದು ಕೂರುವುದು ಸುಲಭವಲ್ಲ.

ಕೃಂಬಿಗಲ್ ಹೂವಿನ ಮಡಿಗಳಿಗೆ ಮಾತ್ರ ಗಮನ ಕೊಟ್ಟು ಕೂರಲಿಲ್ಲ. ರೈತರಿಗೆ ಅವರಿಂದ ಆದ ಉಪಕಾರ ಬೇರೆಯೇ ಇದೆ. ಪರದೇಶದ ಸಸ್ಯತೋಟಗಳ ಜತೆ ಪತ್ರ ವ್ಯವಹಾರ ಇಟ್ಟುಕೊಂಡು ಬೀಜ ವಿನಿಮಯ ನಡೆಸಿದರು. ಇಲ್ಲಿಂದ ಬೀಜ ಹೋಗುತ್ತಿತ್ತು, ಅಲ್ಲಿಂದ ಬರುತ್ತಿತ್ತು. ಹೀಗೆ ಬಂದವುಗಳಲ್ಲಿ ಸೋಯಾ ಅವರೆ, ರಷ್ಯದ ಸೂರ್ಯಕಾಂತಿ, ಅಮೆರಿಕದ ಮುಸುಕಿನ ಜೋಳ, ಮೇವಿನ ರೋಡ್ಸ್ ಹುಲ್ಲು, ಹಲವು ಬತ್ತದ ತಳಿಗಳು ಸೇರಿವೆ. ಸೂರ್ಯಕಾಂತಿ ನಮ್ಮ ಎರೆಹೊಲಗಳಲ್ಲಿ ಎಣ್ಣೆಕಾಳಿನ ಬೆಳೆಯಾಗಿ ಹಬ್ಬಿದ್ದು 1970ರ ದಶಕದಲ್ಲಿ, ಆಗಲೂ ರಷ್ಯದ ತಳಿಗಳಿಂದಲೇ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯ ಬಿ.ಎಸ್.ಎಚ್.-1 ಎಂಬ ಸಂಕರಣ ತಳಿ ಕೊಟ್ಟದ್ದು 1980ರಲ್ಲಿ. ಅದಕ್ಕೆ ಎಷ್ಟೋ ವರ್ಷ ಮೊದಲೇ ಈ ಬೆಳೆ ಮೈಸೂರು ಸಂಸ್ಥಾನದ ಮಣ್ಣು ಕಂಡಿತ್ತು ಎಂಬುದು ನೆನಪಿನಲ್ಲಿರಬೇಕಾದ ಮಾತು. ಹೊಸ ಬೀಜ ಬಂದ ದಿನವೇ ಬೆಳೆಯಾಗುವುದಿಲ್ಲ, ಅದಕ್ಕೆ ಎರಡು ತಲೆಮಾರು ಬೇಕಾಗುವುದೂ ಉಂಟು.

1912ರಲ್ಲಿ ಮೈಸೂರು ಉದ್ಯಾನಕಲಾ ಸಂಘ ಹುಟ್ಟಿತು. ಅದರ ಹಿಂದೆ ಇದ್ದವರು ಕೃಂಬಿಗಲ್. ಮನೆಯಂಗಳದಲ್ಲಿ ಗಿಡ ಬೆಳೆಸುವ ಸಾಮಾನ್ಯ ಜನರನ್ನೂ ಸರಕಾರದ ತೋಟವನ್ನೂ ಒಂದೆಡೆ ತಂದ ಸಂಘ ಇದು. ಜನವರಿ 26ಕ್ಕೂ ಆಗಸ್ಟ್ 15ಕ್ಕೂ ಲಾಲ್‌ಬಾಗಿನಲ್ಲಿ ನಡೆಯುವ ಫಲಪುಷ್ಪ ಪ್ರದರ್ಶನಗಳಲ್ಲಿ ತೋಟಗಾರಿಕೆ ಇಲಾಖೆಯ ಜತೆ ಇಂದಿಗೂ ಕೈಜೋಡಿಸುವುದು ಇದೇ ಸಂಘ. ಮಾಲಿಗಳ ಮಕ್ಕಳು ಅಪ್ಪನ ಕೈ ನೋಡಿ ಕಲಿಯುತ್ತಿದ್ದ ಕಸುಬಿಗೆ ಪಾಠಶಾಲೆಯ ಶಿಸ್ತು ಬೇಕೆಂದು ಲಾಲ್‌ಬಾಗಿನಲ್ಲಿ ತೋಟಗಾರಿಕೆಯ ತರಬೇತಿಯನ್ನೂ ನಡೆಸಿದರು.

ಅವರ ನಂತರ ಲಾಲ್‌ಬಾಗಿನ ಹೊಣೆ ಹೊತ್ತವರು ಎಚ್. ಸಿ. ಜವರಾಯ, ಆ ಸ್ಥಾನಕ್ಕೆ ಬಂದ ಮೊದಲ ಭಾರತೀಯರು. ಅವರ ಕಾಲದಲ್ಲಿ, 1938ರಲ್ಲಿ, ಹೆಸರಘಟ್ಟದ ಹಣ್ಣಿನ ಸಂಶೋಧನಾ ಕೇಂದ್ರ ಆರಂಭವಾಯಿತು. ಮುಂದೆ ಡಾ. ಎಂ. ಎಚ್. ಮರಿಗೌಡರು ತಾಲೂಕು ತಾಲೂಕಿಗೆ ತೋಟಗಾರಿಕೆ ಕ್ಷೇತ್ರಗಳನ್ನು, ಸಸ್ಯಾಗಾರಗಳನ್ನು ತೆರೆದರು. ರೈತ ಬೆಳೆದದ್ದನ್ನು ನೇರ ಮಾರಲೆಂದು 1959ರಲ್ಲಿ ಹುಟ್ಟಿದ ಸಹಕಾರ ಸಂಘವೇ ಇಂದಿನ ಹಾಪ್‌ಕಾಮ್ಸ್. ಕೃಂಬಿಗಲ್ ಹಾಕಿದ ಪಾತಿಯಲ್ಲಿ ಬೆಳೆದ ಮರಗಳು ಇವು ಎಂದರೆ ತಪ್ಪಾಗದು.

ತಿಂಗಳಿಗೊಂದು ಮರ

ಇನ್ನು ಬೀದಿಮರಗಳ ವಿಷಯ. ರಸ್ತೆಬದಿಗೆ ಮರ ಹಾಕುವುದು ನಮಗೆ ಹೊಸದಲ್ಲ. ದಾರಿಯುದ್ದಕ್ಕೂ ಆಲ, ಗೋಣಿ, ಹುಣಸೆ, ಮಾವು, ಹೊಂಗೆ ನೆಟ್ಟು ಸಾಲುಮರ ಬೆಳೆಸಿದ ನಾಡು ಇದು. ಅಲ್ಲಿ ಲೆಕ್ಕ ನೆರಳಿನದು, ಹಣ್ಣಿನದು, ಸೊಪ್ಪಿನದು. ಕೃಂಬಿಗಲ್ ಈ ಲೆಕ್ಕಕ್ಕೆ ಇನ್ನೊಂದು ಕಲಂ ಸೇರಿಸಿದರು, ಕಾಲದ್ದು. ಬೀದಿಗೊಂದು ಜಾತಿಯ ಮರ, ಆ ಬೀದಿ ಮುಗಿಯುವಲ್ಲಿ ಅಡ್ಡಬೀದಿಗೆ ಬೇರೆ ಜಾತಿ, ಅದು ಹೂ ಬಿಡುವ ತಿಂಗಳು ಬೇರೆ. ಹೀಗೆ ಊರಿನ ಯಾವುದಾದರೂ ಒಂದು ಕಡೆ ವರ್ಷದ ಎಲ್ಲ ತಿಂಗಳೂ ಹೂ ಇರಬೇಕು ಎಂಬುದು ಅವರ ಯೋಜನೆ.

ಇಲ್ಲಿ ಒಂದು ಮಾತು. ಬೆಂಗಳೂರಿನಲ್ಲಿ ಎಲ್ಲಿ ಹೂಮರ ಕಂಡರೂ ಅದು ಕೃಂಬಿಗಲ್ ನೆಟ್ಟದ್ದು ಎನ್ನುವ ರೂಢಿ ಬಿದ್ದಿದೆ. ಅದು ಸರಿಯಲ್ಲ. ರಾಜಾಜಿನಗರವನ್ನೇ ತೆಗೆದುಕೊಳ್ಳಿ. ಆಗ ಗವರ್ನರ್ ಜನರಲ್ ಆಗಿದ್ದ ಚಕ್ರವರ್ತಿ ರಾಜಗೋಪಾಲಾಚಾರಿಯವರ ಹೆಸರಿನಲ್ಲಿ ಈ ಬಡಾವಣೆ ರೂಪುಗೊಂಡದ್ದು 1949ರ ಸುಮಾರಿಗೆ. ಕೃಂಬಿಗಲ್ ನಿವೃತ್ತರಾಗಿ ಆಗಲೇ ಹದಿನೇಳು ವರ್ಷವಾಗಿತ್ತು. ನಗರದ ಇಂದಿನ ಬೀದಿಮರಗಳಲ್ಲಿ ದೊಡ್ಡ ಪಾಲು 1980ರ ದಶಕದ್ದು. ಆಗ ಅರಣ್ಯ ಇಲಾಖೆಯ ಅಧಿಕಾರಿ ಎಸ್. ಜಿ. ನೇಗಿನಹಾಳರ ಮುಂದಾಳುತನದಲ್ಲಿ ಸುಮಾರು 15 ಲಕ್ಷ ಸಸಿ ನೆಡಲಾಯಿತು. ನೆಟ್ಟ ಕೈಗಳು ಹಲವು. ಆದರೆ ನೆಡುವ ಮೊದಲು ತಿಂಗಳು ನೋಡುವ ಪದ್ಧತಿ ಕೃಂಬಿಗಲ್ ಅವರಿಂದ ಬಂದದ್ದು, ಬಡಾವಣೆ ಬೆಳೆದಂತೆಲ್ಲ ಅದೂ ಜತೆಗೆ ಬಂತು.

ಅವರ ಪದ್ಧತಿಯ ಗುಟ್ಟು ಏನೂ ಇಲ್ಲ, ನಮ್ಮ ರೈತ ಬಿತ್ತನೆಗೆ ಮುಂಚೆ ಮಾಡುವ ಲೆಕ್ಕವೇ ಅದು. ಮಳೆ ನೋಡದೆ ರಾಗಿ ಬಿತ್ತುವವರುಂಟೇ? ಆದರೆ ಮನೆ ಮುಂದಿನ ಗಿಡಕ್ಕೆ ಮಾತ್ರ ನಾವು ಆ ಲೆಕ್ಕ ಬಿಟ್ಟುಬಿಡುತ್ತೇವೆ. ಜಾತ್ರೆಯಲ್ಲೋ ಸಂತೆಯಲ್ಲೋ ಹೂ ತುಂಬಿದ ಗಿಡ ಕಂಡು ಬೇಸಿಗೆಯ ನಡುವೆ ತಂದು ನೆಟ್ಟು, ದಿನಕ್ಕೆರಡು ಬಿಂದಿಗೆ ನೀರು ಹಾಕಿಯೂ ಉಳಿಸಿಕೊಳ್ಳಲಾರದೆ ಪೇಚಾಡುವವರು ಬಹಳ.

ಬೆಂಗಳೂರಿನ ಸುತ್ತಮುತ್ತ ಮಳೆಯ ಸ್ವಭಾವ ಮಲೆನಾಡಿನಂತಲ್ಲ. ವರ್ಷಕ್ಕೆ ಸುಮಾರು 38 ಅಂಗುಲ ಮಳೆ ಇಲ್ಲಿಯದು. ಆಷಾಢದಲ್ಲಿ ಜಿಟಿಜಿಟಿ ಹನಿ, ಗಾಳಿ ಹೆಚ್ಚು. ಬಿರುಸಿನ ಮಳೆ ಬರುವುದು ಒಮ್ಮೆ ಮೇ ತಿಂಗಳಲ್ಲಿ ಕೃತ್ತಿಕೆ, ರೋಹಿಣಿಗೆ, ಇನ್ನೊಮ್ಮೆ ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಉತ್ತರೆ, ಹಸ್ತಕ್ಕೆ. ಇದನ್ನು ತಿಳಿದವರು ಬೇಸಿಗೆಯಲ್ಲೇ ಗುಣಿ ತೆಗೆದು ಬಿಸಿಲಿಗೆ ಬಿಡುತ್ತಾರೆ. ದೊಡ್ಡ ಮರಕ್ಕೆ ಮೂರಡಿ ಉದ್ದ, ಮೂರಡಿ ಅಗಲ, ಮೂರಡಿ ಆಳದ ಗುಣಿ ಬೇಕು. ದಾಸವಾಳ, ನಂದಿಬಟ್ಟಲಿನಂಥ ಪೊದೆಗಿಡಕ್ಕೆ ಒಂದೂವರೆ ಅಡಿ ಸಾಕು. ತೆಗೆದ ಮೇಲ್ಮಣ್ಣನ್ನು ಒಂದು ಕಡೆ, ಕೆಳಗಿನ ಗೊರಸು ಮಣ್ಣನ್ನು ಇನ್ನೊಂದು ಕಡೆ ಹಾಕಬೇಕು. ಒಂದೆರಡು ಹದ ಮಳೆ ಬಿದ್ದ ಮೇಲೆ ಮೇಲ್ಮಣ್ಣಿಗೆ ಎರಡು ಮೂರು ಬುಟ್ಟಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಮತ್ತು ಒಂದು ಹಿಡಿ ಬೇವಿನ ಹಿಂಡಿ ಬೆರೆಸಿ ಗುಣಿ ತುಂಬಿ, ಮೃಗಶಿರಾ, ಆರಿದ್ರಾ ಮಳೆಗೆ ಸಸಿ ನೆಟ್ಟರೆ ಮುಂದಿನ ಹಸ್ತದ ಹೊತ್ತಿಗೆ ಬೇರು ಕಚ್ಚಿಕೊಂಡಿರುತ್ತದೆ. ಹಸಿ ಗೊಬ್ಬರ ಹಾಕಿದರೆ ಗೆದ್ದಲು ಖಂಡಿತ. ಕಾಂಡವನ್ನು ಸಸಿಚೀಲದಲ್ಲಿ ಇದ್ದ ಮಟ್ಟಕ್ಕಿಂತ ಆಳಕ್ಕೆ ಹೂಳಬಾರದು. ಆಷಾಢದ ಗಾಳಿಗೆ ಒಲಾಡದಂತೆ ಒಂದು ಕೋಲು ಊರಿ ಸಡಿಲವಾಗಿ ಕಟ್ಟಬೇಕು, ಬಿಗಿದು ಕಟ್ಟಿ ಮರೆತರೆ ದಾರ ತೊಗಟೆಯೊಳಗೆ ಹೂತುಹೋಗುತ್ತದೆ.

ಮರದ ಆಯ್ಕೆಯೇ ಹೆಚ್ಚು ಕಷ್ಟದ್ದು. ರಾಜಾಜಿನಗರದಲ್ಲಿ 30-40ರ ನಿವೇಶನ, ಎಷ್ಟೋ ಕಡೆ 20-30. ಹಿಂದೆ ಮನೆಯ ಮುಂದೆ ಒಂದು ತೆಂಗು, ಒಂದು ಕರಿಬೇವು, ಒಂದು ಸೀಬೆ, ಗೇಟಿನ ಹತ್ತಿರ ಒಂದು ಪಾರಿಜಾತ ಇರುತ್ತಿದ್ದ ಮನೆಗಳು ಈಗ ಮೇಲೆ ಮೇಲೆ ಅಂತಸ್ತು ಏರಿ ಅಂಗಳವೇ ಇಲ್ಲದಂತಾಗಿವೆ. ಉಳಿದಿರುವ ನಾಲ್ಕಡಿ ಜಾಗಕ್ಕೆ ಸಂಪಿಗೆ ಹಾಕಿ, ಹತ್ತು ವರ್ಷಕ್ಕೆ ಅದು ಮನೆಯ ತಾರಸಿಯನ್ನೂ ಮೀರಿ ಬೆಳೆದಾಗ ಕಡಿಸುವುದು ಮರಕ್ಕೂ ಅನ್ಯಾಯ, ನೆಟ್ಟವರಿಗೂ ಸಂಕಟ. ನೆಡುವ ದಿನವೇ ಇಪ್ಪತ್ತು ವರ್ಷದ ನಂತರದ ಮರವನ್ನು ಕಣ್ಣಮುಂದೆ ತಂದುಕೊಳ್ಳಬೇಕು. ಕೃಂಬಿಗಲ್ ರೂಪಿಸಿದ ತೋಟಗಳಲ್ಲಿ ನಡುನಡುವೆ ಕಾಣುವ ಬಯಲು ಖಾಲಿ ಬಿಟ್ಟ ಜಾಗವಲ್ಲ, ಮರಕ್ಕೆಂದು ಮೊದಲೇ ಎತ್ತಿಟ್ಟ ಜಾಗ.

ಸಣ್ಣ ಅಂಗಳಕ್ಕೆ ಪಾರಿಜಾತ, ಕರಿಬೇವು, ದಾಳಿಂಬೆ, ನಿಂಬೆ, ನಂದಿಬಟ್ಟಲು, ದಾಸವಾಳ ಒಳ್ಳೆಯವು. ಸ್ವಲ್ಪ ಅಗಲ ಜಾಗ ಇದ್ದರೆ ಕಕ್ಕೆ, ಹೊಳೆದಾಸವಾಳ. ಆಲ, ಅರಳಿ, ಮಳೆಮರ ಇವು ಗುಂಡುತೋಪಿಗೆ, ಕೆರೆ ಏರಿಯ ಆಚೆಗೆ, ಶಾಲೆಯ ದೊಡ್ಡ ಆವರಣಕ್ಕೆ ಹೇಳಿಸಿದವು. ಮನೆಯ ಪಾಯದ ಹತ್ತಿರಕ್ಕಲ್ಲ. ಗುಲ್‌ಮೊಹರ್ ನೋಡಲು ಎಷ್ಟು ಚೆಂದವೋ ಅಷ್ಟೇ ಪೆಳಸು ಮರ. ಬೇರು ಮೇಲುಮೇಲೆ ಹರಡುತ್ತದೆ, ಹೂ ತುಂಬಿದ ಹೊತ್ತಿಗೇ ಬರುವ ಮುಂಗಾರು ಪೂರ್ವದ ಗಾಳಿಮಳೆಗೆ ಕೊಂಬೆ ಮುರಿದು ಬೀಳುತ್ತದೆ. ಮಕ್ಕಳು ಮೊಗ್ಗು ಹಿಸುಕಿ ನೀರು ಚಿಮ್ಮಿಸಿ ಆಡುವ ನೀರುಕಾಯಿ ಮರದ್ದೂ ಇದೇ ಕಥೆ. ಎರಡನ್ನೂ ಮನೆಯಿಂದ, ಕೊಟ್ಟಿಗೆಯಿಂದ, ವಿದ್ಯುತ್ ತಂತಿಯಿಂದ ದೂರ ನೆಡಬೇಕು. ತಂತಿಯ ಕೆಳಗೆ ನೆಟ್ಟ ಮರಕ್ಕೆ ವರ್ಷ ವರ್ಷ ತಲೆ ಕಡಿಸಿಕೊಳ್ಳುವ ಶಿಕ್ಷೆ ತಪ್ಪದು. ಕಣಗಿಲೆ ಬರಗಾಲಕ್ಕೂ ಜಗ್ಗದ ಗಿಡ ನಿಜ, ಆದರೆ ಅದರ ಎಲೆ ದನಕ್ಕೂ ಮನುಷ್ಯರಿಗೂ ವಿಷ. ದನಕರು ಇರುವ ಹಳ್ಳಿಮನೆಯ ಬೇಲಿಗೆ ಅದು ಬೇಡವೇ ಬೇಡ.

ಬೃಂದಾವನದ ನೀರು, ಬೆಂಗಳೂರಿನ ನೀರು

ಕೃಂಬಿಗಲ್ ಕೆಲಸದಲ್ಲಿ ಹೆಚ್ಚು ಜನ ಕಣ್ಣಾರೆ ಕಂಡಿರುವುದು ಕನ್ನಂಬಾಡಿ ಕಟ್ಟೆಯ ಕೆಳಗಿನ ಬೃಂದಾವನ. ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಅವರ ಆಸೆಯಂತೆ 1927ರಲ್ಲಿ ಆರಂಭವಾಗಿ 1932ರಲ್ಲಿ ಮುಗಿದ ಈ ಉದ್ಯಾನಕ್ಕೆ ಕಾಶ್ಮೀರದ ಶಾಲಿಮಾರ್ ಮಾದರಿ. ಅದರ ಸಸ್ಯ ಯೋಜನೆಯಲ್ಲಿ ಕೃಂಬಿಗಲ್ ಕೈ ಇದೆ. ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ನೆಲ, ಅದರ ಮೇಲೆ ಹರಿದು ಬರುವ ನೀರು, ಅಕ್ಕಪಕ್ಕ ಕತ್ತರಿಸಿ ಒಪ್ಪ ಮಾಡಿದ ಬೇಲಿಗಿಡ. ಮೇಲೆ ಅಷ್ಟು ದೊಡ್ಡ ಜಲಾಶಯ ಇದ್ದದ್ದರಿಂದ ಅಲ್ಲಿ ನೀರಿಗೆ ಚಿಂತೆಯಿರಲಿಲ್ಲ.

ಬೃಂದಾವನವನ್ನು ನೋಡಿ ಬಂದು ಮನೆ ಮುಂದೆ ಹುಲ್ಲುಹಾಸು ಹಾಕುವವರು ಈ ಒಂದು ಮಾತನ್ನು ಮರೆಯುತ್ತಾರೆ. ಬೆಂಗಳೂರು ಇರುವುದು ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದ ಬಂಡೆನೆಲದ ಮೇಲೆ. ಅದೇ ಕಾವೇರಿಯ ನೀರನ್ನು ದೂರದಿಂದ ಪಂಪು ಹೊಡೆದು ಮೇಲೆ ತರಬೇಕು. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿದಾಗ ಕುಡಿಯುವ ನೀರನ್ನು ಕೈತೋಟಕ್ಕೆ, ವಾಹನ ತೊಳೆಯುವುದಕ್ಕೆ ಬಳಸಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆಜ್ಞೆ ಹೊರಡಿಸಬೇಕಾಯಿತು. ಹುಲ್ಲುಹಾಸು ಬೇಕೇ ಬೇಕೆನ್ನುವವರು ಅದನ್ನು ಚಾಪೆಯಷ್ಟು ಅಗಲಕ್ಕೆ ಇಟ್ಟುಕೊಳ್ಳಲಿ. ಗರಿಕೆಯ ಬೇರನ್ನು ಮಳೆ ಹಿಡಿದ ಮೇಲೆ ಊರಿದರೆ ತಾನೇ ಹಬ್ಬುತ್ತದೆ. ಬೇಸಿಗೆಯಲ್ಲಿ ಕಂದಿದರೆ ಕಂದಲಿ, ಮಳೆಗೆ ಮತ್ತೆ ಚಿಗುರುವುದು ಅದರ ಗುಣ. ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಕರಿಬೇವಿಗೆ, ದಾಸವಾಳಕ್ಕೆ ಧಾರಾಳವಾಗಿ ಸಾಕು. ಬುಡಕ್ಕೆ ಮೂರು ಅಂಗುಲ ಒಣ ಎಲೆ ಹರಡಿದರೆ ಎರಡು ದಿನಕ್ಕೊಮ್ಮೆ ಹಾಕುವ ನೀರು ನಾಲ್ಕು ದಿನಕ್ಕೊಮ್ಮೆ ಹಾಕಿದರೆ ನಡೆಯುತ್ತದೆ. ರಾಜಾಜಿನಗರದ ಬೀದಿಗಳಲ್ಲಿ ಮಾಘ-ಫಾಲ್ಗುಣದಲ್ಲಿ ಉದುರುವ ಎಲೆಗೆ ಬೆಂಕಿ ಇಡುವ ಬದಲು ಒಂದು ಮೂಲೆಯಲ್ಲಿ ಗುಡ್ಡೆ ಹಾಕಿ ನೀರು ಚಿಮುಕಿಸಿ, ಆಗೀಗ ಮಗುಚಿದರೆ ಮುಂದಿನ ಮಳೆಗಾಲಕ್ಕೆ ಎಲೆಗೊಬ್ಬರ ಸಿದ್ಧ.

ಹಂಗಾಮಿನ ಹೂಗಿಡಗಳಿಗೂ ಇದೇ ತಿಂಗಳ ಲೆಕ್ಕ ಅನ್ವಯಿಸುತ್ತದೆ. ಜನವರಿಯ ಪ್ರದರ್ಶನಕ್ಕೆ ಹೂ ಬೇಕೆಂದರೆ ಲಾಲ್‌ಬಾಗಿನಲ್ಲಿ ಸೆಪ್ಟೆಂಬರ್-ಅಕ್ಟೋಬರಿನಲ್ಲೇ ಬೀಜ ಬೀಳಬೇಕು. ಗುಲಾಬಿಯನ್ನು ಮಳೆ ಹಿಂದೆಗೆದ ಮೇಲೆ ಸವರಿದರೆ ಆರೇಳು ವಾರಕ್ಕೆ ಹೂ ತುಂಬುತ್ತದೆ; ಯಾವ ದಿನ ಹೂ ಬೇಕೋ ಅಲ್ಲಿಂದ ಹಿಂದಕ್ಕೆ ಎಣಿಸಿ ಕತ್ತರಿ ಹಾಕುವುದು ಜಾಣತನ. ಸೇವಂತಿಗೆಯ ಕಂದುಗಳನ್ನು ಮಳೆಗಾಲದಲ್ಲಿ ನೆಡಬೇಕು, ಹಗಲು ಚಿಕ್ಕದಾಗುತ್ತ ಬಂದಾಗಲೇ ಅದಕ್ಕೆ ಮೊಗ್ಗು. ದುಂಡುಮಲ್ಲಿಗೆಯನ್ನು ಮಾರ್ಗಶಿರದ ಚಳಿಯಲ್ಲಿ ನೀರು ಕಡಿಮೆ ಮಾಡಿ ಸವರಿ, ಬುಡ ಬಿಡಿಸಿ ಗೊಬ್ಬರ ಕೊಟ್ಟರೆ ಯುಗಾದಿಯಿಂದ ಮುಂದಕ್ಕೆ ಮುಡಿಯುವಷ್ಟು, ಮಾರುವಷ್ಟು ಸಿಗುತ್ತದೆ. ದಾಸವಾಳದ ಚಿಗುರಿಗೆ ಬೇಸಿಗೆಯಲ್ಲಿ ಹತ್ತುವ ಬಿಳಿ ಹಿಟ್ಟುತಿಗಣೆಗೆ ಮೊದಲು ಜೋರಾಗಿ ನೀರು ಹೊಡೆದು ತೊಳೆಯಿರಿ. ಆಮೇಲೆ ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನೆಣ್ಣೆ, ಚೂರು ಸೋಪು ಕದಡಿ ಸಂಜೆ ಸಿಂಪಡಿಸಿ. ಮನೆಗಿಡಕ್ಕೆ ಇದಕ್ಕಿಂತ ಖಾರದ ಔಷಧ ಬೇಕಾಗುವುದು ಅಪರೂಪ.

ಕೊನೆಯ ವರ್ಷಗಳು

1932ರಲ್ಲಿ ಕೃಂಬಿಗಲ್ ಸರಕಾರಿ ಕೆಲಸದಿಂದ ನಿವೃತ್ತರಾದರು. ಊರಿಗೆ ಮರಳಲಿಲ್ಲ. ಬೆಂಗಳೂರಿನಲ್ಲೇ ಉಳಿದು ಸರಕಾರಕ್ಕೆ ಕಟ್ಟಡ, ಉದ್ಯಾನ, ಊರುಗಳ ವಿನ್ಯಾಸದ ವಿಷಯದಲ್ಲಿ ಸಲಹೆಗಾರರಾಗಿ ದುಡಿದರು. ಬೇರೆ ಸಂಸ್ಥಾನಗಳೂ ಅವರ ಸಲಹೆ ಕೇಳಿದವು.

ಅವರ ಬದುಕಿನ ಕಹಿ ಭಾಗವನ್ನೂ ಹೇಳಬೇಕು. ಎರಡು ಮಹಾಯುದ್ಧಗಳ ಕಾಲದಲ್ಲೂ, ಜರ್ಮನಿಯಲ್ಲಿ ಹುಟ್ಟಿದವರು ಎಂಬ ಒಂದೇ ಕಾರಣಕ್ಕೆ, ಬ್ರಿಟಿಷ್ ಸರಕಾರ ಅವರನ್ನು ಶತ್ರುದೇಶದವರ ಪಟ್ಟಿಗೆ ಸೇರಿಸಿ ಬಂಧನದಲ್ಲಿಟ್ಟಿತು. ಮೊದಲನೆಯ ಯುದ್ಧದ ಹೊತ್ತಿಗೆ ಅವರು ಈ ದೇಶಕ್ಕೆ ಬಂದು ಇಪ್ಪತ್ತು ವರ್ಷ ದಾಟಿತ್ತು. ಎರಡನೆಯದರ ಹೊತ್ತಿಗೆ ಎಪ್ಪತ್ತು ದಾಟಿದ ಮುದುಕರು. ಯುದ್ಧ ಮುಗಿದ ಮೇಲಾದರೂ ಈ ದೇಶ ಬಿಟ್ಟು ಹೋಗುವ ಮನಸ್ಸು ಅವರಿಗೆ ಬರಬಹುದಿತ್ತು, ಬರಲಿಲ್ಲ. ಮೊದಲ ಯುದ್ಧದ ನಂತರವೇ ಅವರ ದೊಡ್ಡ ಕೆಲಸಗಳಲ್ಲಿ ಕೆಲವು ನಡೆದದ್ದು, ಬೃಂದಾವನ ಅವುಗಳಲ್ಲೊಂದು. ಎರಡನೆಯದರ ನಂತರ ಸ್ವತಂತ್ರ ಭಾರತವನ್ನೂ ಕಂಡರು. 1956ರ ಫೆಬ್ರವರಿ 8ರಂದು, ತೊಂಬತ್ತು ವರ್ಷದವರಾಗಿ, ಬೆಂಗಳೂರಿನಲ್ಲೇ ತೀರಿಕೊಂಡರು. ಬರೋಡಾಕ್ಕೆ ಬಂದ ದಿನದಿಂದ ಎಣಿಸಿದರೆ ಈ ನೆಲದಲ್ಲಿ 63 ವರ್ಷ. ಹೊಸೂರು ರಸ್ತೆಯ ಮೆಥಡಿಸ್ಟ್ ಸ್ಮಶಾನದಲ್ಲಿ ಅವರ ಸಮಾಧಿ ಇದೆ. ಲಾಲ್‌ಬಾಗಿನಲ್ಲಿ ಅವರ ಹೆಸರು ಹೊತ್ತಿದ್ದ ಹಳೆಯ ಕೃಂಬಿಗಲ್ ಸಭಾಂಗಣ ರಿಪೇರಿ ಇಲ್ಲದೆ ಶಿಥಿಲವಾಗಿ 2017ರ ನವೆಂಬರಿನಲ್ಲಿ ಕುಸಿಯಿತು. ಮರಗಳನ್ನು ಉಳಿಸಿಕೊಂಡಷ್ಟು ಆಸ್ಥೆಯಿಂದ ಆ ಕಟ್ಟಡವನ್ನು ನಾವು ಉಳಿಸಿಕೊಳ್ಳಲಿಲ್ಲ.

ಮರಗಳನ್ನಾದರೂ ಪೂರ್ತಿ ಉಳಿಸಿಕೊಂಡಿದ್ದೇವೆಯೇ ಎಂದರೆ ಅದೂ ಪ್ರಶ್ನೆಯೇ. ರಾಜಾಜಿನಗರದ ಬೀದಿಗಳಲ್ಲಿ ನಡೆದು ನೋಡಿ. ಕಾಲುದಾರಿಗೆ ಚಪ್ಪಡಿ, ಕಾಂಕ್ರೀಟು ಹಾಕುವಾಗ ಮರದ ಕಾಂಡಕ್ಕೇ ತಾಗುವಂತೆ ಮೆತ್ತಿದ ಜಾಗಗಳು ಎಷ್ಟೋ. ಬುಡಕ್ಕೆ ನೀರೂ ಇಳಿಯದು, ಗಾಳಿಯೂ ಹೋಗದು. ಇಂಥ ಮರ ಮೇಲೆ ಹಸಿರಾಗಿಯೇ ಕಾಣುತ್ತದೆ, ಒಳಗೆ ಬೇರು ಕೊಳೆತು ಒಂದು ದಿನ ಗಾಳಿಮಳೆಗೆ ನೆಲ ಕಚ್ಚುತ್ತದೆ. ಕೆಳಗೆ ಮನುಷ್ಯರಿದ್ದರೆ ಗತಿ ಏನು? ಆಗ ಬೈಗುಳ ಮರಕ್ಕೆ. ನಿಮ್ಮ ಮಗನ ಮನೆ ಮುಂದೆ ಅಂಥ ಮರ ಇದ್ದರೆ ಬುಡದ ಸುತ್ತ ಕನಿಷ್ಠ ಮೂರಡಿ ಚೌಕ ಮಣ್ಣು ಬಿಡಿಸುವಂತೆ ವಾರ್ಡಿನ ಕಚೇರಿಗೆ ಅರ್ಜಿ ಕೊಡಿಸಿ. ಕಾಂಡಕ್ಕೆ ಮೊಳೆ ಹೊಡೆದು ಬೋರ್ಡು ತೂಗುಹಾಕುವುದನ್ನು ಬಿಡಿಸಿ. ಕೊಂಬೆ ಸವರಬೇಕಾದರೆ ಮಳೆ ಬರುವ ಮೊದಲೇ, ಮಾರ್ಚ್-ಏಪ್ರಿಲ್‌ನಲ್ಲಿ, ಒಣಗಿದ್ದು ಮತ್ತು ಒಂದೇ ಕಡೆ ಭಾರವಾದದ್ದನ್ನು ಮಾತ್ರ ತೆಗೆಸಬೇಕು, ಬೋಳಿಸಬಾರದು. ಮರವನ್ನೇ ಕಡಿಯಬೇಕಾಗಿ ಬಂದರೆ 1976ರ ಕರ್ನಾಟಕ ಮರಗಳ ಸಂರಕ್ಷಣಾ ಕಾಯ್ದೆಯಂತೆ ಮರ ಅಧಿಕಾರಿಯ ಅನುಮತಿ ಬೇಕು. ಸ್ವಂತ ನಿವೇಶನದ ಮರ ಎಂದ ಮಾತ್ರಕ್ಕೆ ವಿನಾಯಿತಿ ಇಲ್ಲ.

ಹಳ್ಳಿಯಲ್ಲಿರುವವರಿಗೆ ಜಾಗದ ಚಿಂತೆ ಇಷ್ಟಿಲ್ಲ. ಮನೆ, ಕಣ, ಕೊಟ್ಟಿಗೆ, ಬಾವಿ ಇವುಗಳ ನಡುವೆ ಹನ್ನೆರಡು ಮರಕ್ಕೆ ಎಡೆ ಸಿಕ್ಕೇ ಸಿಗುತ್ತದೆ. ಬೇಸಿಗೆಯ ಹೂವಿಗೆ ಕಕ್ಕೆ, ಹೊಳೆದಾಸವಾಳ, ನೆರಳಿಗೆ, ಗೊಬ್ಬರದ ಸೊಪ್ಪಿಗೆ, ಜೇನಿಗೆ ಹೊಂಗೆ, ಮಾಘದಲ್ಲಿ ಉರಿಯಂತೆ ಅರಳಿ ಆಮೇಲೆ ಊಟದೆಲೆ ಕೊಡುವ ಮುತ್ತುಗ, ಮಳೆಗಾಲದ ಕೊನೆಗೆ ಪಾರಿಜಾತ, ಚಳಿಗಾಲಕ್ಕೆ ಆಕಾಶಮಲ್ಲಿಗೆ. ಜೇನು ಸಾಕಿದವರಿಗೆ ಈ ಸರದಿ ಬರೀ ನೋಟಕ್ಕಲ್ಲ, ಹುಳಕ್ಕೆ ಮೇವು ತಪ್ಪದಂತೆ ನೋಡಿಕೊಳ್ಳುವ ದಾರಿ. ಸಸಿಗಳಿಗೆ ತಾಲೂಕಿನ ತೋಟಗಾರಿಕೆ ಇಲಾಖೆಯ, ಅರಣ್ಯ ಇಲಾಖೆಯ ಸಸ್ಯಾಗಾರಗಳಲ್ಲಿ ವಿಚಾರಿಸಬಹುದು. ಮಳೆ ಶುರುವಾದ ಮೇಲೆ ಹೋದರೆ ಒಳ್ಳೆಯವು ಮುಗಿದಿರುತ್ತವೆ. ಭರಣಿ ಮಳೆಯ ಹೊತ್ತಿಗೇ ಹೋಗಿ ಹೆಸರು ಬರೆಸಿ, ಎರಡಡಿಗಿಂತ ಎತ್ತರವಾದ, ಬೇರು ಚೀಲದಲ್ಲಿ ಸುತ್ತಿಕೊಳ್ಳದ ಸಸಿಗಳನ್ನು ಆರಿಸಿಕೊಂಡು ಬರುವುದು ಮೇಲು.